ಮಲೆನಾಡಿನ ಕಪ್ಪೆಗೆ ಕೋಟಿ ವರ್ಷದ ಲೆಕ್ಕ ಎಲ್ಲಿಂದ ಬಂತು?

2025ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಿಂದ ಒಂದು ಸುದ್ದಿ ಬಂತು. ಅಲ್ಲಿನ ಒಂದು ಚಪ್ಪಡಿ ಕಲ್ಲಿನ ಮೇಲೆ ಉಗುರುಳ್ಳ ಪ್ರಾಣಿಯ ಹೆಜ್ಜೆ ಗುರುತು ಸಿಕ್ಕಿತ್ತು. ಕಲ್ಲಿಗೆ ಸುಮಾರು 35.5 ಕೋಟಿ ವರ್ಷ. ಹಲ್ಲಿ, ಹಾವು, ಹಕ್ಕಿ, ಹಸು, ಮನುಷ್ಯ ಎಲ್ಲ ಸೇರುವ ದೊಡ್ಡ ಕವಲಿನ ಪ್ರಾಣಿಗಳು ಅಷ್ಟು ಹಿಂದೆಯೇ ಇದ್ದವು ಎನ್ನುವುದಕ್ಕೆ ಅಲ್ಲಿಯವರೆಗೆ ಪುರಾವೆ ಇರಲಿಲ್ಲ. ಒಂದೇ ಏಟಿಗೆ ಆ ಕವಲಿನ ಚರಿತ್ರೆ ಮೂರೂವರೆ ಕೋಟಿ ವರ್ಷ ಹಿಂದಕ್ಕೆ ಸರಿಯಿತು. ಅದೇ ಸೆಪ್ಟೆಂಬರಿನಲ್ಲಿ ಚೀನಾದ ಯುನ್‌ಶಿಯಾನ್ ತಲೆಬುರುಡೆಯ ಸುದ್ದಿ ಬಂತು. ಸುಮಾರು 10 ಲಕ್ಷ ವರ್ಷ ಹಳೆಯ, ಜಜ್ಜಿಹೋದ ಬುರುಡೆ. ಅದನ್ನು ಕಂಪ್ಯೂಟರಿನಲ್ಲಿ ಸರಿಪಡಿಸಿ ನೋಡಿದವರು, ನಮ್ಮ ಕವಲು ಬೇರೆಯಾಗಿದ್ದು ಅಂದುಕೊಂಡದ್ದಕ್ಕಿಂತ ಬಹಳ ಮೊದಲೇ ಎಂದರು.

ಇಂಥ ಸುದ್ದಿ ಓದಿದವರು ಸಹಜವಾಗಿ ಕೇಳುವ ಪ್ರಶ್ನೆ ಒಂದೇ: ಹೋದ ವರ್ಷ ಒಂದು ಸಂಖ್ಯೆ, ಈ ವರ್ಷ ಇನ್ನೊಂದು, ಹಾಗಾದರೆ ಇವರು ಹೇಳುವುದರಲ್ಲಿ ನಂಬುವುದು ಯಾವುದನ್ನು?

ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಕಡೆ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ಘಟ್ಟದಲ್ಲಿ ಹೊಸ ಕಪ್ಪೆಯೊಂದು ಪತ್ತೆಯಾದಾಗ 'ಇಷ್ಟು ಕೋಟಿ ವರ್ಷದ ಹಳೆಯ ಜೀವಿ' ಎಂಬ ಸಾಲು ಸುದ್ದಿಯ ಜೊತೆಗೇ ಬರುತ್ತದೆ. ಆದರೆ ಮಲೆನಾಡಿನ ಮಣ್ಣಲ್ಲಿ ಕೋಟಿ ವರ್ಷ ಹಳೆಯ ಕಪ್ಪೆಯ ಒಂದು ಮೂಳೆಯೂ ಸಿಕ್ಕಿಲ್ಲ. ಮೂಳೆ ಇಲ್ಲದೆ ವಯಸ್ಸು ಹೇಗೆ ಬಂತು? ಸುಮ್ನೆ ಊಹೆಯಾ?

ಊಹೆಯಲ್ಲ. ಆದರೆ ನೇರವಾಗಿ ಅಳೆದದ್ದೂ ಅಲ್ಲ. ಗೊಂದಲ ಇರುವುದೇ ಇಲ್ಲಿ.

ಒಂದೇ ಸುದ್ದಿಯಲ್ಲಿ ಮೂರು ವಯಸ್ಸು

ಪತ್ರಿಕೆಯಲ್ಲಿ 'ವಯಸ್ಸು' ಎಂದು ಅಚ್ಚಾಗುವ ಸಂಖ್ಯೆ ಮೂರು ಬಗೆಯದ್ದಿರಬಹುದು. ಒಂದು, ಕಲ್ಲಿನ ವಯಸ್ಸು. ಇದನ್ನು ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ಎರಡು, ಪಳೆಯುಳಿಕೆಯ ವಯಸ್ಸು. ಅದು ಯಾವ ಪದರದಲ್ಲಿತ್ತು, ಮೇಲೆ ಕೆಳಗೆ ಯಾವ ಕಲ್ಲಿತ್ತು ಎಂದು ನೋಡಿ ತೀರ್ಮಾನಿಸುತ್ತಾರೆ. ಮೂರು, ಕವಲಿನ ವಯಸ್ಸು. ಅಂದರೆ ಈಗ ಬದುಕಿರುವ ಎರಡು ಜೀವಿಗಳ ಪೂರ್ವಜರು ಯಾವಾಗ ಬೇರೆಯಾದರು ಎಂಬುದು. ಇದನ್ನು ಜೀನ್‌ಗಳಿಂದ ಲೆಕ್ಕ ಹಾಕುತ್ತಾರೆ.

ಮೂರರ ಗಟ್ಟಿತನ ಒಂದೇ ಅಲ್ಲ. ಮೊದಲನೆಯದು ಬಹಳ ಗಟ್ಟಿ. ಎರಡನೆಯದು ಮೊದಲನೆಯದನ್ನು ನೆಚ್ಚಿಕೊಂಡಿದೆ. ಮೂರನೆಯದು ಎರಡನ್ನೂ ನೆಚ್ಚಿಕೊಂಡಿದೆ; ಹಾಗಾಗಿ ಅಲುಗಾಡುವುದು ಜಾಸ್ತಿ. ಸುದ್ದಿಯಲ್ಲಿ ಮೂರಕ್ಕೂ ಒಂದೇ ದಪ್ಪಕ್ಷರದ ತಲೆಬರಹ ಸಿಗುತ್ತದೆ. ಓದುಗ ಮಾತ್ರ ಮೂರನೆಯದು ಬದಲಾಯಿತು ಎಂದು ಮೊದಲನೆಯದನ್ನೂ ಅನುಮಾನಿಸುತ್ತಾನೆ.

ಕಲ್ಲನ್ನು ಅಳೆಯುವುದು ಹೇಗೆ

ಕೆಲವು ಪರಮಾಣುಗಳು ತಾವಾಗಿಯೇ ಒಡೆದು ಬೇರೆ ಧಾತುವಾಗುತ್ತವೆ. ಎಷ್ಟು ಕಾಲಕ್ಕೆ ಅರ್ಧ ಕರಗುತ್ತದೆ ಎನ್ನುವುದು ಆಯಾ ಧಾತುವಿಗೆ ನಿಗದಿಯಾಗಿದೆ. ಬಿಸಿಲು, ಮಳೆ, ಒತ್ತಡ ಯಾವುದೂ ಅದನ್ನು ಲೆಕ್ಕಕ್ಕೆ ಬರುವಷ್ಟು ಬದಲಿಸಲಾರದು. ಯುರೇನಿಯಂ-238 ಅರ್ಧವಾಗಲು 447 ಕೋಟಿ ವರ್ಷ ಬೇಕು. ಪೊಟಾಸಿಯಂ-40ಕ್ಕೆ ಸುಮಾರು 125 ಕೋಟಿ ವರ್ಷ. ಕಾರ್ಬನ್-14ಕ್ಕೆ ಬರೀ 5,730 ವರ್ಷ.

ಜನರಿಗೆ ಹೆಚ್ಚು ಗೊತ್ತಿರುವುದು ಕಾರ್ಬನ್ ವಿಧಾನ. ತಪ್ಪು ತಿಳಿವಳಿಕೆ ಜಾಸ್ತಿ ಇರುವುದೂ ಅದರ ಬಗ್ಗೆಯೇ. ಅದು ಹೆಚ್ಚೆಂದರೆ ಸುಮಾರು 50,000 ವರ್ಷದವರೆಗೆ ಕೆಲಸ ಮಾಡುತ್ತದೆ. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಕಬ್ಬಿಣ ಬಳಸಿದ ಜನ ಕ್ರಿ.ಪೂ. 1000ದ ಆಸುಪಾಸಿನವರು ಎಂದು ತಿಳಿದದ್ದು ಇದರಿಂದಲೇ. ಅಲ್ಲಿ ಸಿಕ್ಕಿದ ಇದ್ದಿಲು ಅದಕ್ಕೆ ಸಾಕಾಯಿತು. ಆದರೆ ಡೈನೊಸಾರಿನ ಮೂಳೆಗೆ, ಕೋಟಿ ವರ್ಷದ ಕಪ್ಪೆಗೆ ಅದು ಉಪಯೋಗಕ್ಕೆ ಬಾರದು. ಅಳೆಯಲು ಕಾರ್ಬನ್-14 ಉಳಿದೇ ಇರುವುದಿಲ್ಲ. 'ಕಾರ್ಬನ್ ಪರೀಕ್ಷೆಯಿಂದ ಡೈನೊಸಾರ್ ವಯಸ್ಸು ಪತ್ತೆ' ಎಂದು ಯಾರಾದರೂ ಬರೆದಿದ್ದರೆ ಆ ಸುದ್ದಿಯನ್ನು ಅಲ್ಲಿಗೇ ಬಿಡಬಹುದು.

ಹಳೆಯ ಕಾಲಕ್ಕೆ ಬೇಕಾದದ್ದು ಜ್ವಾಲಾಮುಖಿಯ ಕಲ್ಲು, ಬೂದಿ. ಬೂದಿಯಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳಿರುತ್ತದೆ. ಹರಳು ಕಟ್ಟುವಾಗ ಅದು ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೊರಗಿಡುತ್ತದೆ. ಹಾಗಾಗಿ ಇವತ್ತು ಹರಳಿನಲ್ಲಿ ಸೀಸ ಕಂಡರೆ ಅದು ಬಹುಮಟ್ಟಿಗೆ ಯುರೇನಿಯಂ ಒಡೆದು ಬಂದದ್ದೇ. ಎರಡರ ಪ್ರಮಾಣ ನೋಡಿದರೆ ಕಾಲ ಸಿಗುತ್ತದೆ. ಯುರೇನಿಯಂನ ಎರಡು ರೂಪಗಳು ಬೇರೆ ಬೇರೆ ವೇಗದಲ್ಲಿ ಸೀಸವಾಗುತ್ತವೆ. ಎರಡೂ ಒಂದೇ ಉತ್ತರ ಕೊಟ್ಟರೆ ಲೆಕ್ಕ ಸರಿ. ಕೊಡದಿದ್ದರೆ ಹರಳಿಗೆ ಆಮೇಲೆ ಏನೋ ಆಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ಈ ಅಳತೆ ಎಷ್ಟು ಸೂಕ್ಷ್ಮ ಎನ್ನುವುದಕ್ಕೆ ನಮ್ಮ ಹತ್ತಿರದ್ದೇ ಉದಾಹರಣೆ ಇದೆ. ಬೆಳಗಾವಿಯಿಂದ ಮೇಲಕ್ಕೆ ಹಬ್ಬಿರುವ ದಖ್ಖನ್ ಲಾವಾ ಸುಮಾರು 6.6 ಕೋಟಿ ವರ್ಷದ ಹಿಂದಿನದು. ಡೈನೊಸಾರ್‌ಗಳು ಅಳಿದದ್ದೂ ಆಗಲೇ. ಲಾವಾ ಹೆಚ್ಚಾಗಿ ಹರಿದದ್ದು ಅಳಿವಿಗೆ ಮೊದಲೋ ಆಮೇಲೋ ಎಂಬ ಬಗ್ಗೆ 2019ರಲ್ಲಿ ಎರಡು ತಂಡಗಳು ಬೇರೆ ಬೇರೆ ಉತ್ತರ ಕೊಟ್ಟವು. ಒಂದು ತಂಡ ಜಿರ್ಕಾನ್ ಅಳೆದಿತ್ತು, ಇನ್ನೊಂದು ಪೊಟಾಸಿಯಂ ಒಡೆದು ಬಂದ ಆರ್ಗಾನ್ ಅನಿಲ ಅಳೆದಿತ್ತು. ಜಗಳ ದೊಡ್ಡದಾಗಿಯೇ ಕಂಡಿತು. ಆದರೆ ಇಬ್ಬರ ನಡುವಿನ ಅಂತರ ಆರೂವರೆ ಕೋಟಿ ವರ್ಷಕ್ಕೆ ಹೋಲಿಸಿದರೆ ನೂರಕ್ಕೆ ಒಂದು ಪಾಲೂ ಅಲ್ಲ. ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯ ಎಂದು ಓದಿದಾಗ, ಎಷ್ಟರ ಬಗ್ಗೆ ಭಿನ್ನಾಭಿಪ್ರಾಯ ಎಂದು ಕೇಳಿಕೊಳ್ಳುವುದು ಒಳ್ಳೆಯದು ಅಲ್ವಾ?

ಪಳೆಯುಳಿಕೆ ಹೇಳುವುದು 'ಇತ್ತು' ಎಂದಷ್ಟೇ

ಕಲ್ಲಿನಿಂದ ಪಳೆಯುಳಿಕೆಗೆ ಬರುವಾಗ ಒಂದು ಮೆಟ್ಟಿಲು ದಾಟಬೇಕು. ಪಳೆಯುಳಿಕೆ ಸಿಗುವುದು ಸಾಮಾನ್ಯವಾಗಿ ಕೆಸರು, ಮರಳು ಗಟ್ಟಿಯಾದ ಪದರದಲ್ಲಿ. ಆ ಮರಳಿನ ಕಣಗಳು ಎಲ್ಲಿಂದಲೋ ಹರಿದು ಬಂದ ಹಳೆಯವು. ಅವನ್ನು ಅಳೆದರೆ ಮರಳಿನ ಮೂಲದ ವಯಸ್ಸು ಸಿಗುತ್ತದೆ, ಪದರದ್ದಲ್ಲ. ಆದ್ದರಿಂದ ಪದರದ ಕೆಳಗಿನ ಮತ್ತು ಮೇಲಿನ ಬೂದಿ ಅಥವಾ ಲಾವಾವನ್ನು ಅಳೆಯುತ್ತಾರೆ. ಪಳೆಯುಳಿಕೆ ಆ ಎರಡರ ನಡುವಿನದು.

ಇಷ್ಟು ಮಾಡಿದ ಮೇಲೂ ಆ ಮೂಳೆ ನಮಗೆ ಹೇಳುವುದು 'ಈ ಹೊತ್ತಿಗೆ ಈ ಜೀವಿ ಇತ್ತು' ಎಂದು. 'ಆಗಲೇ ಹುಟ್ಟಿತು' ಎಂದಲ್ಲ. ಅದಕ್ಕೆ ಎಷ್ಟೋ ಮೊದಲೇ ಹುಟ್ಟಿರಬಹುದು. ಆಗಿನ ಮೂಳೆ ಉಳಿದಿಲ್ಲ ಅಥವಾ ಯಾರ ಕಣ್ಣಿಗೂ ಬಿದ್ದಿಲ್ಲ. ಅಳಿವಿನ ಕಡೆಗೂ ಇದೇ ಮಾತು. ಸೀಲಕಾಂತ್ ಮೀನಿನ ಪಳೆಯುಳಿಕೆಗಳು ಸುಮಾರು 6.6 ಕೋಟಿ ವರ್ಷದ ಹಿಂದೆ ನಿಂತುಹೋಗುತ್ತವೆ. ಮೀನು ಮಾತ್ರ 1938ರಲ್ಲಿ ದಕ್ಷಿಣ ಆಫ್ರಿಕಾದ ಬಲೆಗೆ ಬಿತ್ತು.

ಇದರಿಂದ ಒಂದು ಮುಖ್ಯ ವಿಷಯ ಹೊರಡುತ್ತದೆ. ಹೊಸ ಪಳೆಯುಳಿಕೆ ಸಿಕ್ಕಾಗ 'ಮೊದಲ ಪುರಾವೆ'ಯ ಕಾಲ ಹಿಂದಕ್ಕೆ ಹೋಗಬಲ್ಲದು, ಮುಂದಕ್ಕೆ ಬರಲಾರದು. ಹಳೆಯ ಅಳತೆ ಅಥವಾ ಗುರುತೇ ತಪ್ಪಾಗಿದ್ದರೆ ಆ ಮಾತು ಬೇರೆ. 'ಅಂದುಕೊಂಡದ್ದಕ್ಕಿಂತ ಹಳೆಯದು' ಎಂಬ ತಲೆಬರಹವೇ ಮತ್ತೆ ಮತ್ತೆ ಬರುವುದು ಇದಕ್ಕೇ. ಆಸ್ಟ್ರೇಲಿಯಾದ ಹೆಜ್ಜೆಗಳ ವಿಷಯದಲ್ಲೂ ಹಿಂದಿನ ಅಳತೆ ಯಾವುದೂ ತಪ್ಪೆಂದು ಸಾಬೀತಾಗಲಿಲ್ಲ. ಕೆನಡಾದಲ್ಲಿ ಸಿಕ್ಕಿದ್ದ ಹಿಂದಿನ ಹಳೆಯ ಪುರಾವೆ ಸುಮಾರು 32 ಕೋಟಿ ವರ್ಷದ್ದು. ಅದು ಈಗಲೂ ಅಷ್ಟೇ ಹಳೆಯದು. ಅದಕ್ಕಿಂತ ಹಳೆಯದೊಂದು ಸಿಕ್ಕಿತು, ಅಷ್ಟೇ.

ಮಲೆನಾಡಿನ ಕಲ್ಲಲ್ಲಿ ಕಪ್ಪೆ ಯಾಕೆ ಸಿಗುವುದಿಲ್ಲ

ನಮ್ಮ ಕಡೆಯ ಕಲ್ಲು ತೀರಾ ಹಳೆಯದು. ಶಿವಮೊಗ್ಗ, ಬಾಬಾಬುಡನ್‌ಗಿರಿ, ಚಿತ್ರದುರ್ಗದ ಉದ್ದಕ್ಕೂ ಇರುವ ಧಾರವಾಡ ವರ್ಗದ ಶಿಲೆಗಳು, ಅವುಗಳ ಕೆಳಗಿನ ನೈಸ್ ಕಲ್ಲು, ಇವೆಲ್ಲ ಸುಮಾರು 250ರಿಂದ 330 ಕೋಟಿ ವರ್ಷದವು. ಕಣ್ಣಿಗೆ ಕಾಣುವಂಥ ಪ್ರಾಣಿಗಳ ಪಳೆಯುಳಿಕೆ ಜಗತ್ತಿನಲ್ಲಿ ಎಲ್ಲೇ ಹುಡುಕಿದರೂ 60 ಕೋಟಿ ವರ್ಷದ ಈಚಿನವೇ. ಅಂದರೆ ಇಲ್ಲಿನ ಕಲ್ಲು ಗಟ್ಟಿಯಾದಾಗ ಕಪ್ಪೆ ಹಾಗಿರಲಿ, ಹುಳವೂ ಇರಲಿಲ್ಲ. ಈ ಶಿಲಾಪಟ್ಟಿಯ ಸುಣ್ಣದ ಕಲ್ಲುಗಳಲ್ಲಿ ಸಿಗುವ ಜೀವದ ಗುರುತೆಂದರೆ ಸ್ಟ್ರೊಮಾಟೊಲೈಟ್. ಸೂಕ್ಷ್ಮಜೀವಿಗಳ ಲೋಳೆ ಪದರ ಪದರವಾಗಿ ಕೂತು ಕಲ್ಲಾದದ್ದು.

ಆಮೇಲಿನ ಕಾಲದ್ದಾದರೂ ಸಿಗಬಾರದೇ? ಅದಕ್ಕೆ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾಗಬೇಕು. ಮಲೆನಾಡು ಬಹುಕಾಲದಿಂದ ಕೊಚ್ಚಿಹೋಗುತ್ತಿರುವ ನೆಲ, ತುಂಬುತ್ತಿರುವ ನೆಲವಲ್ಲ. ಮೇಲಿರುವುದು ಜಂಬಿಟ್ಟಿಗೆ, ಕೆಂಪು ಮಣ್ಣು. ಅದು ಹುಳಿ ಮಣ್ಣು. ಆ ಮಳೆಗೆ, ಆ ಹುಳಿಗೆ ಸಣ್ಣ ಮೂಳೆ ಉಳಿಯುವುದಿಲ್ಲ. ಜೀವ ಇಷ್ಟು ಸಮೃದ್ಧವಾಗಿರುವ ಜಾಗದಲ್ಲೇ ಜೀವದ ಹಳೆಯ ದಾಖಲೆ ಇಲ್ಲದಿರಲು ಆ ಮಳೆಯೇ ಕಾರಣ.

ಹಾಗಾಗಿ ಮಲೆನಾಡಿನ ಕಪ್ಪೆಯ ವಯಸ್ಸು ಎಂದು ಓದುವ ಪ್ರತಿ ಸಂಖ್ಯೆಯೂ ಬೇರೆ ಊರಿನ ಕಲ್ಲಿನಿಂದ ಕಡ ತಂದದ್ದು. ಕಡ ತಂದದ್ದು ಎಂದರೆ ಸುಳ್ಳು ಎಂದಲ್ಲ. ಎಲ್ಲಿಂದ ತಂದರು, ಯಾವ ಷರತ್ತಿನ ಮೇಲೆ ಎಂದು ನೋಡಬೇಕು.

ಹತ್ತಿರದಲ್ಲಿ ಸಿಕ್ಕಿದ ಒಳ್ಳೆಯ ಹಳೆಯ ಕಪ್ಪೆ ಎಂದರೆ ಮುಂಬೈಯ ವರ್ಲಿ ಗುಡ್ಡದ್ದು. ದಖ್ಖನ್ ಲಾವಾದ ಎರಡು ಹರಿವುಗಳ ನಡುವೆ ಒಂದು ಕೆರೆ ಇತ್ತು. ಅದರ ಕೆಸರಿನಲ್ಲಿ ಈ ಪುಟ್ಟ ಕಪ್ಪೆಗಳು ಉಳಿದಿದ್ದವು. 1847ರಲ್ಲಿ ಇಂಗ್ಲೆಂಡಿನ ರಿಚರ್ಡ್ ಓವೆನ್ ಇದನ್ನು ವಿವರಿಸಿದ. ಈಗಿನ ಹೆಸರು ಇಂಡೊಬಟ್ರಾಕಸ್. ಮೇಲೂ ಕೆಳಗೂ ಜ್ವಾಲಾಮುಖಿಯ ಕಲ್ಲು ಇರುವುದರಿಂದ ಇದಕ್ಕೆ 6 ಕೋಟಿ ವರ್ಷಕ್ಕೂ ಜಾಸ್ತಿ ಎಂದು ಧೈರ್ಯವಾಗಿ ಹೇಳಬಹುದು. ತೊಡಕು ಬೇರೆ ಕಡೆ ಇದೆ. ಈ ಕಪ್ಪೆ ಯಾವ ಕುಟುಂಬದ್ದು ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಕಾಲ ಗೊತ್ತು, ಸಂಬಂಧ ಗೊತ್ತಿಲ್ಲ. ಹಾಗಿರುವಾಗ ಇದನ್ನು ಘಟ್ಟದ ಕಪ್ಪೆಗಳ ಕಾಲಕ್ಕೆ ಗೂಟವಾಗಿ ನೆಡುವುದು ಕಷ್ಟ.

ಜೀನ್ ಲೆಕ್ಕ, ಅದರ ಗೂಟಗಳು

ಮೂಳೆ ಇಲ್ಲದ ಕಡೆ ಕೈಹಿಡಿಯುವುದು ಆಣ್ವಿಕ ಗಡಿಯಾರ. 1960ರ ದಶಕದಲ್ಲಿ ಎಮಿಲ್ ಜುಕರ್‌ಕಾಂಡಲ್ ಮತ್ತು ಲೈನಸ್ ಪಾಲಿಂಗ್ ಇದನ್ನು ಮುಂದಿಟ್ಟರು. ಎರಡು ಜೀವಿಗಳು ಬೇರೆಯಾದ ಮೇಲೆ ಅವುಗಳ ಜೀನ್‌ಗಳಲ್ಲಿ ಸಣ್ಣ ಬದಲಾವಣೆಗಳು ಕೂಡುತ್ತಾ ಹೋಗುತ್ತವೆ. ವ್ಯತ್ಯಾಸ ಜಾಸ್ತಿ ಇದ್ದರೆ ಬೇರೆಯಾಗಿ ಜಾಸ್ತಿ ಕಾಲವಾಗಿದೆ. ತತ್ವ ಇಷ್ಟೇ.

ಆದರೆ ವ್ಯತ್ಯಾಸ ಎಣಿಸಿದರೆ ವರ್ಷ ಸಿಗುವುದಿಲ್ಲ. ನೂರು ಬದಲಾವಣೆಗೆ ಎಷ್ಟು ವರ್ಷ ಎಂದು ಹೇಳಲು ಕಾಲ ಗೊತ್ತಿರುವ ಒಂದು ಕವಲು ಬೇಕು. ಆ ಗೊತ್ತಿರುವ ಕಾಲವೇ ಲೆಕ್ಕದ ಗೂಟ. ಅದು ಬರುವುದು ಪಳೆಯುಳಿಕೆಯಿಂದ, ಅಥವಾ ಭೂಖಂಡ ಒಡೆದಂಥ ಘಟನೆಯಿಂದ. ಅದರ ಮೇಲೆ ಇನ್ನೊಂದು ತೊಂದರೆ: ಎಲ್ಲ ಜೀವಿಗಳಲ್ಲೂ ಬದಲಾವಣೆಯ ವೇಗ ಒಂದೇ ಅಲ್ಲ. ಬೇಗ ಮರಿ ಮಾಡುವ ಪ್ರಾಣಿಗಳಲ್ಲಿ ಸಾಮಾನ್ಯವಾಗಿ ವೇಗ ಹೆಚ್ಚು. ಲೆಕ್ಕದಲ್ಲಿ ಇದನ್ನೆಲ್ಲ ಸರಿದೂಗಿಸಬೇಕು. ಹಾಗಾಗಿ ಉತ್ತರ ಯಾವಾಗಲೂ 'ಇಲ್ಲಿಂದ ಇಲ್ಲಿಯವರೆಗೆ' ಎಂಬ ರೂಪದಲ್ಲಿ ಬರುತ್ತದೆ. ಸುದ್ದಿಗೆ ಬರುವಾಗ ಆ ಎರಡು ತುದಿ ಬಿದ್ದುಹೋಗಿ ನಡುವಿನ ಸಂಖ್ಯೆ ಮಾತ್ರ ಉಳಿಯುತ್ತದೆ.

ಗೂಟ ಸರಿದರೆ ಏನಾಗುತ್ತದೆ ಎನ್ನುವುದು ಈಗ ಅರ್ಥವಾಗಬಹುದು. ಆಸ್ಟ್ರೇಲಿಯಾದ ಹೆಜ್ಜೆ ಗುರುತು ಒಂದು ಹೊಸ ಗೂಟ. ಅದನ್ನು ಒಪ್ಪಿಕೊಂಡರೆ ಅದಕ್ಕಿಂತ ಹಳೆಯ ಕವಲುಗಳೂ, ಕಪ್ಪೆಗಳ ಪೂರ್ವಜರು ನಮ್ಮ ಪೂರ್ವಜರಿಂದ ಬೇರೆಯಾದದ್ದೂ ಸೇರಿ, ಇನ್ನೂ ಹಿಂದಕ್ಕೆ ಸರಿಯಬೇಕು.

ಪಳೆಯುಳಿಕೆಯ ಕಾಲ ಹಿಂದಕ್ಕಷ್ಟೇ ಹೋಗುತ್ತದೆ ಎಂದೆವು. ಜೀನ್ ಲೆಕ್ಕ ಎರಡೂ ಕಡೆ ಓಡಾಡುತ್ತದೆ. 2017ರಲ್ಲಿ ಚೀನಾ ಮತ್ತು ಅಮೆರಿಕದ ಸಂಶೋಧಕರು 95 ಜೀನ್‌ಗಳನ್ನು ಹೋಲಿಸಿದರು. ಈಗಿರುವ ಕಪ್ಪೆಗಳಲ್ಲಿ ನೂರಕ್ಕೆ 88 ಪಾಲು ಸೇರುವ ಮೂರು ದೊಡ್ಡ ಗುಂಪುಗಳು ಕವಲೊಡೆಯತೊಡಗಿದ್ದು 6.6 ಕೋಟಿ ವರ್ಷದ ಹಿಂದೆ, ಡೈನೊಸಾರ್ ಅಳಿದ ಹೊತ್ತಿನಲ್ಲಿ ಎಂದರು. ಕಡಿಮೆ ಜೀನ್ ನೋಡಿದ ಹಿಂದಿನ ಲೆಕ್ಕಗಳು ಅದನ್ನು ಇನ್ನೂ ಕೋಟ್ಯಂತರ ವರ್ಷ ಹಿಂದಕ್ಕೆ ಹಾಕಿದ್ದವು. ಮಲೆನಾಡಿನ ಹೆಚ್ಚಿನ ಕಪ್ಪೆಗಳು ಈ ಗುಂಪುಗಳವೇ. ಸಂಖ್ಯೆ ಬದಲಾದಂತೆ ಕಥೆಯೂ ಬದಲಾಗುತ್ತದೆ. ಹಳೆಯ ಸಂಖ್ಯೆಯಾದರೆ ಭೂಖಂಡಗಳು ಒಡೆದದ್ದು ಕಾರಣ ಎನ್ನಬಹುದು. ಹೊಸ ಸಂಖ್ಯೆಯಾದರೆ, ಮಹಾ ಅಳಿವಿನ ಆಮೇಲೆ ಖಾಲಿಯಾದ ಜಾಗಗಳನ್ನು ಉಳಿದ ಕಪ್ಪೆಗಳು ತುಂಬಿಕೊಂಡವು ಎನ್ನಬೇಕು.

ಭೂಮಿಯ ಜೊತೆ ತೇಲಿ ಬಂದವೋ, ಆಮೇಲೆ ವಲಸೆ ಬಂದವೋ

ಘಟ್ಟದ ಜೀವಿಗಳ ಬಗ್ಗೆ ನಿಜವಾದ ವಾದ ಇರುವುದು ಇಲ್ಲಿ. ಭಾರತ ಒಂದು ಕಾಲದಲ್ಲಿ ಆಫ್ರಿಕಾ, ಮಡಗಾಸ್ಕರ್ ಜೊತೆ ಸೇರಿಕೊಂಡಿತ್ತು. ಮಡಗಾಸ್ಕರಿನಿಂದ ಬೇರೆಯಾದ ಕುರುಹು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿದೆ. ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ಆ ಕಂಬದಂಥ ಕಲ್ಲುಗಳು ಆ ಒಡಕಿನ ಹೊತ್ತಿಗೆ ಉಕ್ಕಿದ ಲಾವಾ. ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷದ್ದು. ಸೇಶೆಲ್ಸ್ ದ್ವೀಪಗಳು ಬೇರೆಯಾದದ್ದು ಅದಕ್ಕೂ ಈಚೆ, ದಖ್ಖನ್ ಲಾವಾದ ಕಾಲದಲ್ಲಿ.

ಒಂದು ಪಕ್ಷ ಹೇಳುವುದು: ಘಟ್ಟದ ಹಳೆಯ ಕವಲುಗಳು ಭಾರತದ ಜೊತೆಗೇ ತೇಲಿ ಬಂದವು. ಇದಕ್ಕೆ ದೊಡ್ಡ ಬಲ ಬಂದದ್ದು 2003ರಲ್ಲಿ. ಕೇರಳದ ಇಡುಕ್ಕಿಯಲ್ಲಿ ಸಿಕ್ಕ ನೇರಳೆ ಕಪ್ಪೆಯನ್ನು ಎಸ್.ಡಿ. ಬಿಜು ಮತ್ತು ಫ್ರಾಂಕಿ ಬೊಸ್ಸೈಟ್ ಜಗತ್ತಿಗೆ ಪರಿಚಯಿಸಿದರು. ಅದರ ಹತ್ತಿರದ ಸಂಬಂಧಿಗಳು ಇರುವುದು ಸೇಶೆಲ್ಸ್‌ನಲ್ಲಿ. ನಡುವೆ ಸಾವಿರಾರು ಕಿಲೋಮೀಟರ್ ಸಮುದ್ರ. ಕಪ್ಪೆಯ ಚರ್ಮಕ್ಕೆ ಉಪ್ಪುನೀರು ಆಗುವುದಿಲ್ಲ. ನೆಲವೇ ಒಡೆದು ದೂರವಾಯಿತು ಎನ್ನದೆ ಬೇರೆ ದಾರಿ ಇಲ್ಲ.

ಇನ್ನೊಂದು ಪಕ್ಷ ಹೇಳುವುದು: ಅದು ನೇರಳೆ ಕಪ್ಪೆಗೆ ಸರಿ, ಎಲ್ಲದಕ್ಕೂ ಅಲ್ಲ. ಘಟ್ಟದ ಹಲವು ಜೀವಿಗಳು ಭಾರತ ಏಷ್ಯಾಕ್ಕೆ ಬಂದು ತಾಗಿದ ಆಮೇಲೆ ಆ ಕಡೆಯಿಂದ ಬಂದವು. ಕೆಲವು ಇಲ್ಲಿಂದ ಅತ್ತ ಹೋದವು. ಇಬ್ಬರಲ್ಲಿ ಯಾರು ಸರಿ ಎನ್ನುವುದು ಕಾಲದ ಮೇಲೆ ನಿಂತಿದೆ. ಕವಲೊಡೆದದ್ದು ಒಡಕಿಗಿಂತ ಈಚೆಗಾದರೆ ಒಡಕು ಕಾರಣವಾಗಲಾರದು.

ಇಲ್ಲಿ ಒಂದು ಬಲೆ ಇದೆ. ಕೆಲವು ಅಧ್ಯಯನಗಳು ಒಡಕಿನ ಕಾಲವನ್ನೇ ಗೂಟ ಮಾಡಿಕೊಂಡು ಜೀನ್ ಲೆಕ್ಕ ಹಾಕುತ್ತವೆ. ಆಮೇಲೆ ಬಂದ ಉತ್ತರ ಒಡಕಿಗೆ ಹೊಂದಿಕೆಯಾಯಿತು ಎಂದು ತೋರಿಸಿದರೆ ಅದು ಪುರಾವೆಯಲ್ಲ. ಮೊದಲೇ ಒಳಗಿಟ್ಟದ್ದನ್ನು ಹೊರತೆಗೆದಂತೆ. ಒಳ್ಳೆಯ ಸಂಶೋಧಕರು ಈ ತಪ್ಪು ಮಾಡುವುದಿಲ್ಲ. ಪಳೆಯುಳಿಕೆಯ ಗೂಟ ಬಳಸಿ ಲೆಕ್ಕ ಹಾಕಿ, ಒಡಕಿನ ಕಾಲವನ್ನು ಪರೀಕ್ಷೆಗೆಂದು ಬದಿಗಿಡುತ್ತಾರೆ.

ಘಟ್ಟ ಎದ್ದದ್ದು ಯಾವಾಗ ಎಂಬುದಕ್ಕೂ ಈಗ ಕಲ್ಲಿನದೇ ಸಾಕ್ಷಿ ಇದೆ. ಸಂಡೂರು, ಗೋವಾ ಕಡೆಯ ಮ್ಯಾಂಗನೀಸ್ ಅದಿರಿನಲ್ಲಿ ಪೊಟಾಸಿಯಂ ಇರುತ್ತದೆ. ಅದರಿಂದ ಹುಟ್ಟಿದ ಆರ್ಗಾನ್ ಅಳೆದವರು, ಘಟ್ಟದ ಕಡಿದಾದ ಗೋಡೆ 4 ಕೋಟಿ ವರ್ಷಕ್ಕೂ ಮೊದಲೇ ರೂಪ ಪಡೆದಿತ್ತು ಎಂಬ ತೀರ್ಮಾನಕ್ಕೆ ಬಂದರು. ಹಾಗಾದರೆ ಕೆಲವೇ ಲಕ್ಷ ವರ್ಷದ ಹಿಂದೆ ಬೇರೆಯಾದ ಎರಡು ಪ್ರಭೇದಗಳಿಗೆ 'ಬೆಟ್ಟ ಎದ್ದು ಅಡ್ಡ ಬಂತು' ಎಂಬ ವಿವರಣೆ ನಡೆಯುವುದಿಲ್ಲ.

ಮನೆತನ ಹಳೆಯದು, ಮಗು ಹೊಸದು

ಹಾಗಾದರೆ ಬೇರೆಯಾದದ್ದು ಹೇಗೆ? ಮೊದಲು ಒಂದು ತಪ್ಪನ್ನು ಸರಿಮಾಡಿಕೊಳ್ಳಬೇಕು. 'ಏಳು ಕೋಟಿ ವರ್ಷದ ಕಪ್ಪೆ' ಎಂದು ಬರೆದಾಗ ಆ ಕಪ್ಪೆಯೇ ಹಾಗೇ ಏಳು ಕೋಟಿ ವರ್ಷದಿಂದ ಇದೆ ಎಂಬ ಅರ್ಥ ಬರುತ್ತದೆ. ಹಾಗಲ್ಲ. ಮನೆತನ ಮುನ್ನೂರು ವರ್ಷದ್ದಿದ್ದರೂ ತೊಟ್ಟಿಲಲ್ಲಿರುವ ಮಗು ಹೊಸದೇ. ಘಟ್ಟದ ಇರುಳುಗಪ್ಪೆಗಳ ಕುಟುಂಬ ಬಹಳ ಹಳೆಯದು, ಭಾರತ ಬಿಟ್ಟು ಹೊರಗೆ ಎಲ್ಲೂ ಹೀಗೆ ಹರಡಿಲ್ಲ. ಅದರೊಳಗಿನ ಎಷ್ಟೋ ಪ್ರಭೇದಗಳು ಅದಕ್ಕಿಂತ ತುಂಬ ಈಚಿನವು.

ಶರಾವತಿ ಕೊಳ್ಳದ ಕತ್ತಲೆಕಾನಿನ ಕಡೆ ಸಿಕ್ಕ ಕುಂಬಾರ ಕಪ್ಪೆ ಈ ಕುಟುಂಬದ್ದೇ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದನ್ನು ಹೊಸ ಪ್ರಭೇದವೆಂದು ದಾಖಲಿಸಿದರು. ಗಂಡು ಕಪ್ಪೆ ಮೊಟ್ಟೆಗಳಿಗೆ ಕೆಸರು ಮೆತ್ತುತ್ತದೆ, ಹೆಸರು ಅದರಿಂದ. 2014 ಎಂಬುದು ಅದಕ್ಕೆ ಹೆಸರು ಬಂದ ವರ್ಷ, ಕುಟುಂಬದ ಕೋಟಿಗಟ್ಟಲೆ ವರ್ಷ ಮನೆತನದ ವಯಸ್ಸು. ಅದು ತನ್ನ ಹತ್ತಿರದ ಸಂಬಂಧಿಯಿಂದ ಬೇರೆಯಾದ ಕಾಲ ಇವೆರಡೂ ಅಲ್ಲದ ಮೂರನೆಯ ಸಂಖ್ಯೆ. ಸುದ್ದಿಯಲ್ಲಿ ಈ ಮೂರೂ ಕಲಸಿಹೋಗುತ್ತವೆ.

ಪ್ರಭೇದ ಒಡೆಯುವ ಕ್ರಮ ಹೀಗೆ: ಒಂದು ಗುಂಪು ಎರಡಾಗಿ, ನಡುವೆ ಕೂಡಿಕೆ ನಿಂತರೆ, ಎರಡೂ ಕಡೆ ಬೇರೆ ಬೇರೆ ಬದಲಾವಣೆ ಸೇರುತ್ತಾ ಹೋಗುತ್ತದೆ. ಆಮೇಲೆ ಎದುರಾದರೂ ಒಂದನ್ನೊಂದು ಜೊತೆಯೆಂದು ಗುರುತಿಸುವುದಿಲ್ಲ. ಕಪ್ಪೆಗಳಲ್ಲಿ ಇದು ಕೂಗಿನಲ್ಲೇ ಗೊತ್ತಾಗುತ್ತದೆ. ಮಲೆನಾಡಿನಲ್ಲಿ ಹೀಗೆ ಬೇರೆ ಮಾಡುವ ಸಂಗತಿಗಳು ಬೇಕಾದಷ್ಟಿವೆ. ಕೊಡಚಾದ್ರಿ, ಕುದುರೆಮುಖದ ನೆತ್ತಿಯ ಶೋಲಾ ಕಾಡಿನ ಕಪ್ಪೆಗೆ ಕೆಳಗಿನ ಬಿಸಿ ಕಣಿವೆ ದಾಟಲಾಗದ ಗಡಿ. ರಾಂಪತ್ರೆ ಜಡ್ಡಿಯಂಥ ಸದಾ ಒದ್ದೆ ಜಾಗ ಬಿಟ್ಟು ಬದುಕಲಾರದವಕ್ಕೆ ಒಣ ಗುಡ್ಡವೇ ಗಡಿ. ಇದರ ಮೇಲೆ ಹಿಮಯುಗಗಳು. ಇಲ್ಲಿ ಹಿಮ ಬೀಳಲಿಲ್ಲ, ಮುಂಗಾರು ಸೊರಗಿತು. ಸುಮಾರು 20,000 ವರ್ಷದ ಹಿಂದಿನ ಕೊನೆಯ ಹಿಮದ ಗರಿಷ್ಠ ಕಾಲದಲ್ಲಿ ಮಳೆಕಾಡು ನೀರಿರುವ ಕೊಳ್ಳಗಳಿಗೆ ಕುಗ್ಗಿ, ಆಮೇಲೆ ಮತ್ತೆ ಹಬ್ಬಿತು. ಹೀಗೆ ಕುಗ್ಗಿ ಹಬ್ಬುವುದು ಹಲವು ಸಲ ಆಗಿದೆ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣ ರಾವ್ 1937ರಲ್ಲಿ ಕೊಟ್ಟಿಗೆಹಾರ ಮೊದಲಾದ ಕಡೆಯ ಕಪ್ಪೆಗಳನ್ನು ವಿವರಿಸಿದ್ದರು. ಪೊದೆಗಪ್ಪೆಗಳ ಒಂದು ಕುಲಕ್ಕೆ ಅವರ ನೆನಪಿಗೆ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟಿದ್ದಾರೆ. ಈ ಪೊದೆಗಪ್ಪೆಗಳ ಬಗ್ಗೆ ಈಚೆಗೆ ನಡೆದ ಕೆಲಸ ಒಂದೇ ಕಾರಣಕ್ಕೆ ಜೋತುಬೀಳುವುದಿಲ್ಲ. ಪಾಲ್ಘಾಟ್, ಶೆಂಕೋಟೆಯಂಥ ಕಣಿವೆಗಳನ್ನು ಆಳದ ಕವಲುಗಳಿಗೆ, ಹಿಮಯುಗದ ಏರಿಳಿತವನ್ನು ಈಚಿನ ಕವಲುಗಳಿಗೆ ಜೋಡಿಸುತ್ತದೆ. ಯಾವ ಕವಲಿಗೆ ಯಾವ ಕಾರಣ ಎಂದು ಆರಿಸಲು ದಾರಿ ತೋರಿಸಿದ್ದು ಕಾಲದ ಲೆಕ್ಕವೇ.

ನಿಧಾನವೋ, ದಿಢೀರನೆಯೋ

1972ರಲ್ಲಿ ನೈಲ್ಸ್ ಎಲ್ಡ್ರೆಡ್ಜ್ ಮತ್ತು ಸ್ಟೀಫನ್ ಜೇ ಗೂಲ್ಡ್ ಒಂದು ವಾದ ಮುಂದಿಟ್ಟರು. ಪ್ರಭೇದಗಳು ದೀರ್ಘಕಾಲ ಹೆಚ್ಚುಕಡಿಮೆ ಹಾಗೇ ಇದ್ದು, ಕವಲೊಡೆಯುವ ಹೊತ್ತಿಗೆ ಬೇಗ ಬದಲಾಗುತ್ತವೆ ಎಂದು. ಡಾರ್ವಿನ್ ಹೇಳಿದ ನಿಧಾನದ ಬದಲಾವಣೆಗೆ ಇದು ವಿರುದ್ಧ ಎಂದು ಆಗ ಗದ್ದಲವಾಯಿತು. 'ವಿಕಾಸವಾದವೇ ಬಿತ್ತು' ಎಂದು ಕುಣಿದವರೂ ಇದ್ದರು. ಆದರೆ ಕಲ್ಲಿನ ಲೆಕ್ಕದಲ್ಲಿ ಬೇಗ ಎಂದರೆ ಸಾವಿರಾರು, ಹತ್ತಾರು ಸಾವಿರ ವರ್ಷ. ಪದರಗಳ ಕಾಲವನ್ನು ಲಕ್ಷ ವರ್ಷದ ಅಂತರದಲ್ಲಿ ಮಾತ್ರ ಅಳೆಯಬಲ್ಲೆವಾದರೆ 50,000 ವರ್ಷದ ನಿಧಾನದ ಬದಲಾವಣೆಯೂ ದಿಢೀರನೆ ಆದಂತೆಯೇ ಕಾಣುತ್ತದೆ. ಅಳತೆ ಸೂಕ್ಷ್ಮವಾದಂತೆ ಕೆಲವು ಜೀವಿಗಳಲ್ಲಿ ಒಂದು ಬಗೆ, ಕೆಲವುಗಳಲ್ಲಿ ಇನ್ನೊಂದು ಬಗೆ ಕಂಡಿದೆ.

ಜೇನುಗೂಡು ಪಳೆಯುಳಿಕೆಯಾದ ಪ್ರಸಂಗ

ವಿಕಾಸವಾದವನ್ನು ಒಪ್ಪದವರ ಹಳೆಯ ಆಕ್ಷೇಪ ಒಂದಿದೆ: ಕಲ್ಲಿನ ವಯಸ್ಸು ಪಳೆಯುಳಿಕೆಯಿಂದ ಹೇಳುತ್ತೀರಿ, ಪಳೆಯುಳಿಕೆಯ ವಯಸ್ಸು ಕಲ್ಲಿನಿಂದ ಹೇಳುತ್ತೀರಿ, ಇದು ಸುತ್ತುವಾದ. ಆಕ್ಷೇಪ ಪೂರ್ತಿ ಪೊಳ್ಳಲ್ಲ. ಬೂದಿ ಪದರ ಇಲ್ಲದ ಕಡೆ ಪಳೆಯುಳಿಕೆಯಿಂದ ಕಲ್ಲಿನ ಕಾಲ ಹೇಳುವುದುಂಟು. ಅಲ್ಲಿ ಎಡವಿದ್ದೂ ಉಂಟು. ಎಡವಿದಾಗ ಎತ್ತಿದ್ದು ಯಾರು ಎನ್ನುವುದನ್ನು ಮಧ್ಯಪ್ರದೇಶದ ವಿಂಧ್ಯದ ಕಲ್ಲುಗಳಲ್ಲಿ ನೋಡಬಹುದು.

1998ರಲ್ಲಿ ವಿಂಧ್ಯದ ಮರಳುಗಲ್ಲಿನಲ್ಲಿ ಹುಳು ಕೊರೆದಂಥ ಗುರುತುಗಳಿವೆ ಎಂದು ಒಂದು ತಂಡ ಪ್ರಕಟಿಸಿತು. ಕಲ್ಲಿಗೆ 110 ಕೋಟಿ ವರ್ಷ ಎಂದಿತು. ನಿಜವಾದರೆ ಪ್ರಾಣಿಗಳ ಚರಿತ್ರೆ ದುಪ್ಪಟ್ಟು ಉದ್ದವಾಗುತ್ತಿತ್ತು. ಅದೇ ಹೊತ್ತಿಗೆ ಭೂವಿಜ್ಞಾನಿ ಆರ್.ಜೆ. ಅಜ್ಮಿ ಅದೇ ವಿಂಧ್ಯದಲ್ಲಿ ಸುಮಾರು 54 ಕೋಟಿ ವರ್ಷದ ಹಿಂದೆ ಬದುಕಿದ್ದಂಥ ಚಿಪ್ಪುಜೀವಿಗಳಿವೆ ಎಂದರು. ಒಂದೇ ಶಿಲಾಸಮೂಹಕ್ಕೆ ಎರಡು ವಯಸ್ಸು. 2002ರಲ್ಲಿ ಜಿರ್ಕಾನ್ ಅಳೆದವರು ಕೊಟ್ಟ ಉತ್ತರ ಇಬ್ಬರಿಗೂ ಬೇಡವಾದದ್ದು: ಸುಮಾರು 160 ಕೋಟಿ ವರ್ಷ. ಅಷ್ಟು ಹಳೆಯ ಹುಳು ಇದ್ದಿರಲಾರದು ಎಂದು ಹೆಚ್ಚಿನವರು ಆ ಗುರುತುಗಳನ್ನು ಬದಿಗಿಟ್ಟರು. ಅಜ್ಮಿ ಕಂಡ ವಸ್ತುಗಳು ನಿಜವಾದ ಪಳೆಯುಳಿಕೆಗಳೇ, ಆದರೆ ಚಿಪ್ಪುಜೀವಿಗಳಲ್ಲ, ಹಳೆಯ ಸೂಕ್ಷ್ಮಜೀವಿ ಮತ್ತು ಪಾಚಿಯಂಥವು ಎಂದು 2009ರಲ್ಲಿ ತೋರಿಸಲಾಯಿತು.

ಇನ್ನೂ ಸ್ವಾರಸ್ಯದ್ದು ಭೀಮಬೇಟ್ಕಾ ಗುಹೆಯದು. 2021ರಲ್ಲಿ ಅಲ್ಲಿನ ಗೋಡೆಯ ಮೇಲೆ ಡಿಕಿನ್ಸೋನಿಯಾ ಎಂಬ ಸುಮಾರು 55 ಕೋಟಿ ವರ್ಷದ ಜೀವಿಯ ಅಚ್ಚು ಸಿಕ್ಕಿದೆ ಎಂದು ಸುದ್ದಿಯಾಯಿತು. ಆ ಕಲ್ಲು ಸುಮಾರು 100 ಕೋಟಿ ವರ್ಷದ್ದು ಎಂದು ಬೇರೆ ಅಳತೆಗಳು ಹೇಳುತ್ತಿದ್ದವು. ಹೊಂದಿಕೆಯಾಗಲಿಲ್ಲ. ಭೂವಿಜ್ಞಾನಿ ಜೋಸೆಫ್ ಮೀರ್ಟ್ ಅವರ ತಂಡ ಹೋಗಿ ನೋಡಿದಾಗ ಅದು ಗೋಡೆಗೆ ಅಂಟಿದ್ದ ಹಳೆಯ ಹೆಜ್ಜೇನಿನ ಗೂಡಿನ ಕಲೆ! ಅದಾಗಲೇ ಮಾಸಿ ಉದುರತೊಡಗಿತ್ತು. 2023ರಲ್ಲಿ ಇದು ಪ್ರಕಟವಾಯಿತು. ಮೊದಲು ಹೇಳಿದವರೂ ಒಪ್ಪಿಕೊಂಡರು. ಬಂಡೆಗೆ ಕಟ್ಟಿದ ಹೆಜ್ಜೇನು ಮಲೆನಾಡಿನವರಿಗೆ ಹೊಸದೇನಲ್ಲ. ಅವರಲ್ಲಿ ಯಾರಿಗಾದರೂ ಫೋಟೊ ತೋರಿಸಿದ್ದರೆ ಎರಡು ವರ್ಷ ಉಳಿಯುತ್ತಿತ್ತೇನೋ.

ಎರಡೂ ಪ್ರಸಂಗದಲ್ಲಿ ತಪ್ಪು ಹಿಡಿಯಲು ದಾರಿ ತೋರಿದ್ದು ಪಳೆಯುಳಿಕೆಯನ್ನು ನೆಚ್ಚದ ಅಳತೆ. ಸುತ್ತುವಾದ ಮುರಿಯುವುದು ಅಲ್ಲೇ. ಅಳತೆ ನಮ್ಮ ಊಹೆಗೆ ತಲೆಬಾಗುವುದಿಲ್ಲ ಎನ್ನುವುದಕ್ಕೆ ದಕ್ಷಿಣ ಆಫ್ರಿಕಾದ ಹೋಮೊ ನಲೇಡಿ ಎಂಬ ಅಳಿದುಹೋದ ಮಾನವ ಪ್ರಭೇದ ಇನ್ನೊಂದು ಸಾಕ್ಷಿ. 2015ರಲ್ಲಿ ಅದರ ಸಣ್ಣ ಬುರುಡೆ ನೋಡಿ ಹಲವರು 20 ಲಕ್ಷ ವರ್ಷ ಹಳೆಯದಿರಬೇಕು ಎಂದುಕೊಂಡರು. 2017ರಲ್ಲಿ ಅಳೆದಾಗ ಬಂದದ್ದು ಎರಡೂಕಾಲರಿಂದ ಮೂರೂಕಾಲು ಲಕ್ಷ ವರ್ಷದ ಆಸುಪಾಸು. ಸಣ್ಣ ಮೆದುಳಿನ ಆ ಜೀವಿ ನಮ್ಮ ಪ್ರಭೇದ ರೂಪುಗೊಳ್ಳುತ್ತಿದ್ದ ಕಾಲದಲ್ಲೇ ಬದುಕಿತ್ತು. ಸಣ್ಣ ಮೆದುಳಿನಿಂದ ದೊಡ್ಡ ಮೆದುಳಿಗೆ ನೇರ ಸಾಲಾಗಿ ಬಂದೆವು ಎಂಬ ಚಿತ್ರ ಇದರಿಂದ ಇನ್ನಷ್ಟು ದುರ್ಬಲವಾಯಿತು. ಯುನ್‌ಶಿಯಾನ್ ಬುರುಡೆಯ ವಿಷಯದಲ್ಲೂ ತಕರಾರು ಇರುವುದು ಬುರುಡೆಯ ವಯಸ್ಸಿನ ಬಗ್ಗೆ ಅಷ್ಟಾಗಿ ಅಲ್ಲ, ಅದರಿಂದ ತೆಗೆದ ಕವಲಿನ ಕಾಲದ ಬಗ್ಗೆ.

ಇದರ ಪರಿಣಾಮ ಯಾರಿಗೆ

ಮೊದಲನೆಯದು ಮಕ್ಕಳಿಗೆ. ಎನ್‌ಸಿಇಆರ್‌ಟಿ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ತೆಗೆದದ್ದು 2023ರಲ್ಲಿ ದೊಡ್ಡ ಸುದ್ದಿಯಾಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ವಿರೋಧಿಸಿ ಸಹಿ ಹಾಕಿದರು. ಹೊರೆ ಕಡಿಮೆ ಮಾಡಲು ತೆಗೆದೆವು, 12ನೇ ತರಗತಿಯ ಜೀವಶಾಸ್ತ್ರದಲ್ಲಿ ಇದೆಯಲ್ಲ ಎಂಬುದು ಇನ್ನೊಂದು ಪಕ್ಷದ ಮಾತು. ಆದರೆ 12ಕ್ಕೆ ಜೀವಶಾಸ್ತ್ರ ಓದುವವರು ಎಷ್ಟು ಜನ? ವಾಣಿಜ್ಯ, ಕಲಾ ವಿಭಾಗಕ್ಕೆ ಹೋದ ಹುಡುಗ ಹುಡುಗಿಯರಿಗೆ 'ಅಳೆದ ವಯಸ್ಸು' ಮತ್ತು 'ಲೆಕ್ಕ ಹಾಕಿದ ವಯಸ್ಸು' ಬೇರೆ ಎಂದು ಹೇಳುವವರು ಯಾರೂ ಇರುವುದಿಲ್ಲ. ಅವರ ಮುಂದೆ ಉಳಿಯುವುದು ವಾಟ್ಸಾಪ್ ಮಾತ್ರ.

ಎರಡನೆಯದು ಕಾಡಿಗೆ. ಜೀನ್ ಮತ್ತು ಕೂಗು ನೋಡಿ, ಒಂದೇ ಎಂದುಕೊಂಡಿದ್ದ ಕಪ್ಪೆಯನ್ನು ನಾಲ್ಕೈದು ಪ್ರಭೇದಗಳಾಗಿ ಒಡೆಯುವುದು ಈಗ ಸಾಮಾನ್ಯ. ಎಷ್ಟು ವ್ಯತ್ಯಾಸ ಇದ್ದರೆ ಬೇರೆ ಪ್ರಭೇದ ಎಂಬ ಗೆರೆ ಎಳೆಯುವುದರಲ್ಲಿ ಜಗಳವಿದೆ. ಸುಮ್ನೆ ಹೆಸರು ಹೆಚ್ಚಿಸುತ್ತಿದ್ದಾರೆ ಎನ್ನುವವರಿದ್ದಾರೆ. ಆ ದೂರಿನಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಎರಡು ಗುಂಪುಗಳು ಹತ್ತು ಲಕ್ಷ ವರ್ಷಗಳಿಂದ ಬೆರೆತಿಲ್ಲ ಎಂದಾದರೆ ಅವು ಬೇರೆ ಎನ್ನಲು ಗಟ್ಟಿ ಆಧಾರ ಸಿಗುತ್ತದೆ. ಕಾಲದ ಲೆಕ್ಕ ತಪ್ಪಿದರೆ ಈ ಗೆರೆಯೂ ತಪ್ಪುತ್ತದೆ.

ಗೆರೆ ಎಲ್ಲಿ ಬಿತ್ತು ಎಂಬುದರ ಮೇಲೆ ಉಳಿದದ್ದು ನಿಂತಿದೆ. ಇಡೀ ಘಟ್ಟದಲ್ಲಿ ಇದೆ ಎಂದುಕೊಂಡಿದ್ದ ಕಪ್ಪೆ ನಾಲ್ಕಾದರೆ, ಒಂದೊಂದರ ಪಾಲಿಗೂ ಒಂದೆರಡು ಕೊಳ್ಳ ಮಾತ್ರ ಉಳಿಯುತ್ತದೆ. ಅಪಾಯದ ಪಟ್ಟಿಯಲ್ಲಿ ಅದರ ಸ್ಥಾನ ತಕ್ಷಣ ಬದಲಾಗುತ್ತದೆ. 2023ರ ಜಾಗತಿಕ ಸಮೀಕ್ಷೆಯ ಪ್ರಕಾರ ಉಭಯವಾಸಿಗಳಲ್ಲಿ ನೂರಕ್ಕೆ 41 ಪಾಲು ಅಳಿವಿನ ಅಂಚಿನತ್ತ ಇವೆ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆ ಸಿಂಗಳೀಕದ ಸುತ್ತಲೇ ಜಾಸ್ತಿ ನಡೆದಿದೆ. ಮರದ ಮೇಲಿನ ಸಿಂಗಳೀಕ ಕಣ್ಣಿಗೆ ಕಾಣುತ್ತದೆ, ಕೆಸರಿನ ಕಪ್ಪೆ ಕಾಣುವುದಿಲ್ಲ. ಇಂಥ ಯೋಜನೆಗಳ ಪರಿಸರ ವರದಿಗೆ 'ಈ ಪ್ರಭೇದ ಬೇರೆ ಕಡೆಯೂ ಇದೆ' ಎಂಬ ಒಂದು ಸಾಲು ಸಾಕು, ಆ ಜೀವಿ ಲೆಕ್ಕದಿಂದ ಹೊರಗೆ ಹೋಗುತ್ತದೆ. ಆ ಸಾಲು ಸರಿಯೋ ಅಲ್ಲವೋ ಎಂದು ಪರೀಕ್ಷಿಸಬೇಕಾದರೆ ಕೊಳ್ಳದ ಈಚೆಯ ಕಪ್ಪೆ ಆಚೆಯ ಕಪ್ಪೆಯಿಂದ ಯಾವಾಗ ಬೇರೆಯಾಯಿತು ಎಂದು ಕೇಳಬೇಕು. ಅದಕ್ಕೆ ಬೇಕಾದ ಜೀನ್ ಮಾದರಿಗಳನ್ನು ಸಂಗ್ರಹಿಸಬೇಕಾದದ್ದು ಯೋಜನೆ ಶುರುವಾಗುವ ಮೊದಲು.